ವಿಮಾನ ಹತ್ತದ ಬುತ್ತಿ

“ಇದು ನಡೆಯಂಗಿಲ್ಲ. ಇದೂ ನಡೆಯಂಗಿಲ್ಲ. ಇನ್ನ ಇದಂತೂ… ಕೇಳೂದೇ ಬ್ಯಾಡ್ರಿ!”

ಹೀಗೆ ಹೇಳುತ್ತಿದ್ದವನು ತಲೆ ಎತ್ತಿಯೂ ನೋಡಲಿಲ್ಲ. ವಹೀದಾಳ ಚೀಲದೊಳಗೆ ಮೊಣಕೈತನಕ ಕೈ ಹಾಕಿ ಒಂದೊಂದೇ ಡಬ್ಬಿ ಹೊರಗೆ ತೆಗೆಯುತ್ತಿದ್ದ. ತೆಗೆದದ್ದಕ್ಕೆ ಕೆಂಪು ದಾರ ಸುತ್ತಿ, ಒಂದು ಗಂಟು ಹಾಕಿ, ಪಕ್ಕದ ಬೆಂಚಿನ ಮೇಲೆ ಇಡುತ್ತಿದ್ದ.

ಮಾವಿನ ಉಪ್ಪಿನಕಾಯಿಗೆ ಕೆಂಪು ದಾರ. ತುಪ್ಪದ ಡಬ್ಬಿಗೆ ಕೆಂಪು ದಾರ. ಕಡೆಗೆ ಕರ್ಚಿಕಾಯಿಯ ಡಬ್ಬಿಗೂ ದಾರ ಸುತ್ತತೊಡಗಿದಾಗ…

“ತಡೀರಿ! ಅದರ ಮ್ಯಾಲಿನ ಕೈ ತೆಗೀರಿ ಮೊದಲ!”

ಹುಮನಾಬಾದ ಬಸ್ ನಿಲ್ದಾಣದ ಎದುರಿನ ಆ ಸಣ್ಣ ಅಂಗಡಿ ಒಮ್ಮೆಲೇ ಸುಮ್ಮನಾಯಿತು. ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರ ಬಸಿಗಳು ತುಟಿಯ ಹತ್ತಿರವೇ ನಿಂತವು.

ಕೇಶರಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಬಸವಕಲ್ಯಾಣದಲ್ಲಿ ವಹೀದಾಳ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಗೆಳತಿಯ ಗಂಡ ಅರಬ ದೇಶದಲ್ಲಿ ಗೌಂಡಿ ಕೆಲಸದಲ್ಲಿದ್ದ. ಇವತ್ತು ಗೆಳತಿಯ ಮೈದುನ ಅಲ್ಲಿಗೇ ಹೊರಟಿದ್ದನಲ್ಲ, ಅವನ ಕೈಯಲ್ಲಿ ಕಳಿಸಲೆಂದು ಕೇಶರಬಾಯಿ ಎರಡು ದಿನ ಒಲೆಯ ಮುಂದೆ ಕುಳಿತು ಮಾಡಿದ ತಿನಿಸುಗಳು ಅವು!

“ಏನು ಕಮ್ಮಿ ಆಗ್ಯಾದ ಹೇಳ್ರಿ ಅದರಾಗ? ನಾ ಮಾಡಿದ್ದದು. ಕಲ್ಯಾಣದಾಗ ಯಾರನ್ನ ಬೇಕಾದ್ರೂ ಕೇಳ್ರಿ, ಕೇಶರಬಾಯಿ ಕರ್ಚಿಕಾಯಿ ಹ್ಯಾಂಗಿರ್ತಾವ ಅಂತ.”

“ಕಮ್ಮಿ ಏನೂ ಇಲ್ರಿ,” ಅವನು ಈಗ ತಲೆ ಎತ್ತಿದ. “ಹೆಚ್ಚಾಗ್ಯಾದ. ಗಸಗಸಿ ಹಾಕೀರಿ.”

“ಗಸಗಸಿ ಇಲ್ಲದ ಕರ್ಚಿಕಾಯಿ ಹ್ಯಾಂಗ ಮಾಡ್ತಾರ?”

“ಆ ದೇಶದಾಗ ಗಸಗಸಿ ಅಂದ್ರ ಅಫೀಮಿನ ಬೀಜ. ನಶಾದ ಮಾಲು. ಸಿಕ್ಕರ ಸೀದಾ ಜೇಲು.”

“ನಶಾ?” ಕೇಶರಬಾಯಿ ಎರಡೂ ಕೈ ಸೊಂಟದ ಮೇಲೆ ಇಟ್ಟಳು. “ಹಂಗಾದ್ರ ದೀಪಾವಳಿಗೆ ನಮ್ಮೂರ ಮಂದಿ ಎಲ್ಲಾ ನಶಾದಾಗ ಬಿದ್ದಿರ್ತಾರೇನ್ರಿ? ನಮ್ಮವ್ವ ವರ್ಷಾ ವರ್ಷಾ ಹಾಕ್ತಾಳ. ಒಂದ ದಿನಾನೂ ತೂರಾಡಿಲ್ಲ!”

ಹೋಟೆಲಿನ ಕಡೆಯಿಂದ ನಗೆ ಒಡೆಯಿತು. ಅವನೂ ನಕ್ಕುಬಿಟ್ಟ. ನಗುವಾಗ ಅವನ ಒಂದು ಹುಬ್ಬು ಮಾತ್ರ ಮೇಲೆ ಹೋಗುತ್ತಿತ್ತು. ಅದನ್ನು ನೋಡಿ ಕೇಶರಬಾಯಿಗೆ ಇನ್ನಷ್ಟು ಸಿಟ್ಟು ಬಂತು… ಜೊತೆಗೆ ಇನ್ನೇನೋ ಬಂತು. ಏನೆಂದು ಅವಳು ಆಗ ನೋಡಲು ಹೋಗಲಿಲ್ಲ.

ಅವನು ಏಕನಾಥ. ಮುಂಬೈಯ ವಿಮಾನ ನಿಲ್ದಾಣದಲ್ಲಿ ವರ್ಷಗಟ್ಟಲೆ ಮಂದಿಯ ಚೀಲ ಏರಿಸಿ ಇಳಿಸಿದವನು. ಅದು ಎಂಬತ್ತಮೂರನೆಯ ಇಸವಿ. ಬೀದರ ಸೀಮೆಯಿಂದ ಗಂಡಸರು ಸಾಲುಗಟ್ಟಿ ಅರಬ ದೇಶಕ್ಕೆ ಹೊರಟಿದ್ದ ಕಾಲ. ಹೈದರಾಬಾದಿನಿಂದ ಬರುವ ಮುಂಬೈ ಬಸ್ಸು ಹುಮನಾಬಾದಿನಲ್ಲಿ ನಿಂತು ಚಹಾ ಕುಡಿದು ಹೋಗುತ್ತಿತ್ತು. ಏಕನಾಥ ಊರಿಗೆ ಮರಳಿ ಬಂದವನೇ ಆ ಬಸ್ಸು ನಿಲ್ಲುವ ಜಾಗದೆದುರು ಒಂದು ತೂಗುತಕ್ಕಡಿ, ಒಂದಿಷ್ಟು ಗೋಣಿತಟ್ಟು, ದಬ್ಬಣ, ಹಗ್ಗ ಇಟ್ಟುಕೊಂಡು ಕುಳಿತುಬಿಟ್ಟ. ವಿಮಾನಕ್ಕೆ ಹೋಗುವವರ ಚೀಲ ಬಿಚ್ಚಿ ನೋಡುವುದು, ತೂಗುವುದು, ಹೊಲಿದು ಕೊಡುವುದು ಅವನ ಕೆಲಸ. ಓದು ಬರದವರೇ ಹೆಚ್ಚು ಬರುತ್ತಿದ್ದರಿಂದ ಅವನ ಲೆಕ್ಕವೆಲ್ಲ ದಾರದ್ದು. ಬಿಳಿ ದಾರ ಕಟ್ಟಿದ್ದು ವಿಮಾನ ಹತ್ತುತ್ತದೆ. ಕೆಂಪು ದಾರ ಕಟ್ಟಿದ್ದು ಮನೆಗೆ ತಿರುಗಿ ಹೋಗುತ್ತದೆ.

“ನಗಬ್ಯಾಡ್ರಿ,” ಅಂದಳು ಕೇಶರಬಾಯಿ.

ಏಕನಾಥನ ನಗು ನಿಂತಿತು. ಅವನು ಮೆಲ್ಲಗೆ ಹೇಳಿದ, “ನಮ್ಮ ಕಡೀ ಹುಡುಗೊಬ್ಬ ಹೋಗಿದ್ದ. ಅವರವ್ವ ಉಂಡಿ ಕಟ್ಟಿ ಕೊಟ್ಟಿದ್ದಳು. ಅದರಾಗ ಹಿಂಗೇ ಗಸಗಸಿ. ಅಲ್ಲಿ ಇಳಿದ ದಿನಾನೇ ಹಿಡಕೊಂಡ್ರು. ಆ ತಾಯಿ ಇನ್ನೂ ‘ನನ್ನ ಉಂಡಿ ತಿಂದ್ನೋ ಇಲ್ಲೋ’ ಅಂತ ಕೇಳ್ತಾಳ್ರಿ.”

ಕೇಶರಬಾಯಿಯ ಕೈ ಸೊಂಟದಿಂದ ತಾನಾಗಿ ಕೆಳಗಿಳಿಯಿತು. ವಹೀದಾ ಗಾಬರಿಯಿಂದ ಅವಳ ಸೆರಗು ಜಗ್ಗಿದಳು. “ಅರೇ ಕೇಶರ, ಬಿಡೇ! ನನ್ನ ಗಂಡ ಮನೀಗೆ ಬಂದು ತಿನ್ಲಿ. ಜೇಲಿನಾಗ ಬ್ಯಾಡ!”

ಸರಿ ಎಂದು ಒಪ್ಪಿದಳು. ಆದರೆ ಸುಮ್ಮನೆ ಹೋಗುವ ಹೆಣ್ಣೇ ಅವಳು?

“ಗಸಗಸಿ ಬಿಟ್ಟು ಮಾಡಿ ತರ್ತೀನಿ. ಎಣ್ಣಿ ಇಲ್ಲದ ಉಪ್ಪಿನಕಾಯಿನೂ ಹಾಕ್ತೀನಿ. ಆವಾಗ ಏನು ನೆವ ಹೇಳ್ತೀರಿ ನೋಡ್ತೀನಿ!”

“ತರ್ರಿ,” ಅಂದ ಏಕನಾಥ. ಆ ಹುಬ್ಬು ಮತ್ತೆ ಮೇಲೆ ಹೋಯಿತು. “ತಿಂದ ಮ್ಯಾಲ ಹೇಳ್ತೀನಿ.”

*

ತಂದಳು!

ಮಾವಿನ ಹೋಳುಗಳನ್ನು ಉಪ್ಪು ಕಾರದಲ್ಲಿ ಹೊರಳಿಸಿ, ಮಾಳಿಗೆಯ ಬಿಸಿಲಲ್ಲಿ ಚರ್ಮದ ಹಾಗೆ ಆಗುವತನಕ ಒಣಗಿಸಿ ತಂದಳು. ಹಿಂಡಿದರೂ ಒಂದು ಹನಿ ಎಣ್ಣೆ ಇಲ್ಲ. ಏಕನಾಥ ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ, ಕಾಗದದ ಮೇಲೆ ಇಟ್ಟು ನೋಡಿದ, ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

“ಏನಾತ್ರಿ?” ಕೇಳಿದಳು.

ಅವನ ಕೈ ಆಗಲೇ ಬಿಳಿ ದಾರದ ಉಂಡೆ ಹುಡುಕುತ್ತಿತ್ತು.

ಅವತ್ತಿನಿಂದ ಬಸವಕಲ್ಯಾಣದವರು ಯಾರೇ ಹೊರದೇಶಕ್ಕೆ ಹೊರಟರೂ ಮೊದಲು ಕೇಶರಬಾಯಿಯ ಮನೆಗೆ ಬರತೊಡಗಿದರು. ಅಪ್ಪ ತೀರಿಕೊಂಡ ಮೇಲೆ ನಾರಾಯಣಪುರದ ದಾರಿಯ ಹೊಲವನ್ನು ಅವ್ವ ಮಗಳೇ ನೋಡಿಕೊಳ್ಳುತ್ತಿದ್ದರು. ಈಗ ಹೊಲದ ಜೊತೆಗೆ ಇದೂ ಒಂದು ಉದ್ಯೋಗವಾಯಿತು. ಶೇಂಗಾ ಚಟ್ನಿ, ಒಣ ಮಾವು, ಒಣಗಿಸಿದ ಕಟಕು ರೊಟ್ಟಿ… ಮಾಡಿದ್ದನ್ನೆಲ್ಲ ಕಟ್ಟಿಕೊಂಡು ವಾರಕ್ಕೊಮ್ಮೆ ಹುಮನಾಬಾದಿಗೆ ಅವಳೇ ಹೋಗುತ್ತಿದ್ದಳು.

ಹೋಗದೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಬಹುದಿತ್ತು. ಅವ್ವ ಗಯಾಬಾಯಿ ಒಂದು ದಿನ ಕೇಳಿಯೂ ಕೇಳಿದಳು.

“ಬಕ್ಕಪ್ಪನ ಕೈಯಾಗ ಕೊಟ್ಟರ ಒಯ್ಯಂಗಿಲ್ಲೇನವಾ? ನೀನ ಯಾಕ ಹೋಗಬೇಕು?”

“ಬಕ್ಕಪ್ಪ ಕಾಕಾ ಡಬ್ಬಿ ಉರುಳಿಸಿಕೋತ ಒಯ್ತಾನ ಅವ್ವಾ.”

“ಹೌದೌದು. ಬಕ್ಕಪ್ಪಂದೇ ತಪ್ಪು,” ಅಂದ ಗಯಾಬಾಯಿ ಮುಖ ಆ ಕಡೆ ತಿರುಗಿಸಿ ನಕ್ಕಳು.

ಆ ಅಂಗಡಿಯಲ್ಲಿ ನಿಂತು ಕೇಶರಬಾಯಿ ಎಷ್ಟೋ ಕಲಿತಳು. ಕತ್ತರಿ, ಚಾಕು ಕೈಚೀಲದಲ್ಲಿ ಇರಬಾರದು, ದೊಡ್ಡ ಚೀಲದಲ್ಲಿ ಇರಬಹುದು. ಸ್ಟೋ ಒಯ್ಯುವುದಾದರೆ ಚಿಮಣಿ ಎಣ್ಣೆಯ ವಾಸನೆಯೂ ಉಳಿಯಬಾರದು. ಕಡ್ಡಿಪೆಟ್ಟಿಗೆಯ ಕಟ್ಟು ಬೇಡವೇ ಬೇಡ. ಇಡೀ ಕೊಬ್ಬರಿ ಗಿಟಕವೂ ಬೇಡ, ಅದರ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ. ಎಲ್ಲ ಕೂಡಿ ಇಪ್ಪತ್ತು ಕಿಲೋ ದಾಟಬಾರದು.

ಆದರೆ ಅವನಿಗೂ ಅವಳು ಕಲಿಸಿದಳು, ಹೇಳಬೇಕಲ್ಲ!

ಒಂದು ದಿನ ಬಾಳಮ್ಮ ಎಂಬ ಕುರುಬರ ಮುದುಕಿ ಮಗ ಮಡೆಪ್ಪನನ್ನು ಕರೆದುಕೊಂಡು ಬಂದಳು. “ಒಂಟಿ ಕಾಯಾಕ ಹೊಂಟಾನ್ರೀ ನಮ್ಮಂವ. ಕುರಿ ಕಾಯ್ದಾಂವಗ ಒಂಟಿ ಏನು ದೊಡ್ಡದು, ಕಾಲು ಉದ್ದ ಇರ್ತಾವ ಅಷ್ಟೇ,” ಅಂತ ಎಲ್ಲರನ್ನೂ ನಗಿಸಿದಳು. ಚೀಲ ತಕ್ಕಡಿಗೆ ಏರಿತು. ತೂಕ ಹೆಚ್ಚಾಯಿತು. ಏಕನಾಥ ಒಳಗಿನಿಂದ ದಪ್ಪನೆಯ ಕರಿ ಕಂಬಳಿ ಎಳೆದು ಕೆಂಪು ದಾರ ತೆಗೆದುಕೊಂಡ.

ಬಾಳಮ್ಮನ ನಗು ಅಲ್ಲೇ ನಿಂತಿತು. “ಅದನ್ನ ತೆಗೀಬ್ಯಾಡಪ್ಪಾ… ಅವರಪ್ಪ ನೇಯ್ದದ್ದು. ಅಂವ ಹೋದ ಮ್ಯಾಲ ಮನಿಯಾಗ ಉಳಿದದ್ದು ಅದೊಂದ.”

“ತೂಕ ಆಗ್ಯಾದಬೇ. ನಾ ಏನು ಮಾಡ್ಲಿ? ಇಲ್ಲಿ ನಾ ಬಿಟ್ಟರೂ ಅಲ್ಲಿ ಬಿಡಂಗಿಲ್ಲ.”

ಮಡೆಪ್ಪ ನೆಲ ನೋಡುತ್ತಿದ್ದ.

“ಹೊದ್ದುಕೊಂಡಿದ್ದಕ್ಕೂ ತೂಕ ಹಾಕ್ತಾರೇನ್ರಿ?” ಕೇಶರಬಾಯಿ ಕೇಳಿದಳು.

ಏಕನಾಥ ಕಣ್ಣು ಪಿಳುಕಿಸಿದ. “ಅಂದ್ರ?”

“ಚೀಲದಾಗ ಯಾಕ ಇಡಬೇಕು? ಹೊದ್ದುಕೊಂಡು ಹೋಗ್ಲಿ. ಮೈಮ್ಯಾಲಿನ ಅರಿವಿ ಬಿಚ್ಚಿಸಿ ತೂಗ್ತಾರೇನು?”

ಏಕನಾಥ ಕೆಂಪು ದಾರ ಕೆಳಗಿಟ್ಟ. “ತೂಗಂಗಿಲ್ಲ,” ಅಂದ. “ಇಷ್ಟು ವರ್ಷ ಚೀಲಾ ಹೊತ್ತೆ… ಇದು ನನಗ ಹೊಳೀಲಿಲ್ಲ ನೋಡ್ರಿ.”

ಸುಡು ಬಿಸಿಲಿನಲ್ಲಿ ಮಡೆಪ್ಪ ಕಂಬಳಿ ಹೊದ್ದು, ಬೆವರು ಸುರಿಸುತ್ತ, ಹೆಮ್ಮೆಯಿಂದ ಮುಂಬೈ ಬಸ್ಸು ಹತ್ತಿದ. ಬಾಳಮ್ಮ ಕೇಶರಬಾಯಿಯ ಗಲ್ಲ ಹಿಡಿದು ಲಟಿಕೆ ಮುರಿದಳು. ಏಕನಾಥ ಮಾತ್ರ ದಾರದ ಉಂಡೆ ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತ ನಿಂತೇ ಇದ್ದ.

‘ಹಿಂಗ್ಯಾಕ ನೋಡ್ತಾನ ಇಂವ?’ ಅಂದುಕೊಂಡಳು ಕೇಶರಬಾಯಿ. ತಿರುಗಿ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಜೋಳದ ಹೊಲಗಳು ಓಡುತ್ತಿದ್ದರೂ ಅವಳಿಗೆ ಕಂಡದ್ದು ಆ ನೋಟವೇ. ‘ನೋಡ್ಲಿ ಬಿಡು,’ ಅಂತ ಮನಸ್ಸಿಗೆ ಮನಸ್ಸೇ ಹೇಳಿತು… ‘ಚಲೋ ಅನಸ್ತದ.’

*

ಶ್ರಾವಣ ಮುಗಿಯುತ್ತ ಬಂದಾಗ ಏಕನಾಥ ಆ ಪ್ರಶ್ನೆ ಕೇಳಿದ.

ಅಂಗಡಿಯಲ್ಲಿ ಮಂದಿ ತುಂಬಿದ್ದರು. ಚೀಲ ಹೊಲಿಯುತ್ತಲೇ, ದಬ್ಬಣದಿಂದ ಕಣ್ಣು ಎತ್ತದೆ ಹೇಳಿದ. “ನನಗೂ ಕರೀ ಬಂದದ್ರಿ. ಅರಬ ದೇಶದ ವಿಮಾನ ನಿಲ್ದಾಣದಾಗ ಕೆಲಸ. ಇಲ್ಲಿಂದ ಚೀಲಾ ಕಟ್ಟಿಕೊಂಡು ಹೋದಾಂವ ಒಬ್ಬ ಹೇಳಿ ಕೊಡಿಸ್ಯಾನ.” ದಬ್ಬಣ ನಿಂತಿತು. “ನೀವೇನಂತೀರಿ?”

ಕೇಶರಬಾಯಿಯ ನಾಲಿಗೆಯ ತುದಿಗೆ ಬಂದ ಮಾತು ಒಂದೇ: ಹೋಗಬ್ಯಾಡ್ರಿ. ಆದರೆ ಹಿಂದೆ ನಾಲ್ಕು ಮಂದಿ ಅಪರಿಚಿತ ಗಂಡಸರು ಸಾಲಿನಲ್ಲಿ ನಿಂತು ಅವಳ ಬಾಯನ್ನೇ ನೋಡುತ್ತಿದ್ದರು.

“ವಿಚಾರ ಮಾಡಿ ಹೇಳಿ ಕಳಿಸ್ತೀನಿ,” ಅಂದುಬಿಟ್ಟಳು.

ಮರುದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ಡಬ್ಬಿಗಳ ಸದ್ದು.

“ಅವ್ವಾ, ಗಸಗಸಿ ಎಲ್ಲಿ ಇಟ್ಟೀದಿ?”

“ಅದು ನಡೆಯಂಗಿಲ್ಲಲ್ಲವಾ?”

“ಅದಕ್ಕೇ ಬೇಕಾಗ್ಯಾದ.”

ಗಯಾಬಾಯಿ ಬಾಗಿಲಲ್ಲಿ ನಿಂತು ನೋಡಿದಳು. ಮಗಳು ಕರ್ಚಿಕಾಯಿಯ ಹೂರಣಕ್ಕೆ ಕೈ ಬಿಚ್ಚಿ ಗಸಗಸಿ ಸುರಿದಳು. ಉಪ್ಪಿನಕಾಯಿಯ ಮೇಲೆ ಬೆರಳು ಮುಳುಗುವಷ್ಟು ಎಣ್ಣೆ ನಿಲ್ಲಿಸಿದಳು. ಹೊಸದಾಗಿ ಕಾಯಿಸಿದ ತುಪ್ಪ ತುಂಬಿದಳು. ಮೇಲೆ ಇಡೀ ಗಿಟಕ ಕೊಬ್ಬರಿ!

“ಒಂದೂ ವಿಮಾನ ಹತ್ತಂಗಿಲ್ಲ ಇದರಾಗ. ಯಾರಿಗೆ ಕಟ್ಟಾಕತ್ತೀ?”

“ವಿಮಾನ ಹತ್ತಬಾರದವರಿಗೆ, ಅವ್ವಾ.”

ಗಯಾಬಾಯಿಗೆ ತಿಳಿಯಿತು. ತಾನೇ ಹತ್ತಿರ ಕುಳಿತು ಬಿಳಿ ಅರಿವೆಯಲ್ಲಿ ಬುತ್ತಿಯ ಗಂಟು ಕಟ್ಟಿದಳು. ಹೆಣ್ಣಿನ ಮನೆಯಿಂದ ಹೋದ ಬುತ್ತಿಯನ್ನು ಗಂಡು ಬಿಚ್ಚಿ ಉಂಡರೆ ಆ ಮನೆಗೆ ಒಪ್ಪಿಗೆ. ಉಣ್ಣದೆ ತಿರುಗಿ ಕಳಿಸಿದರೆ ಮಾತು ಮುಗಿಯಿತು. ಅವರ ಮಂದಿಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅಂಥ ಬುತ್ತಿಯನ್ನು ಹೆಣ್ಣು ತಾನೇ ಒಯ್ಯಬಾರದು, ಹೀಗಾಗಿ ಈ ಸಲ ಕೇಶರಬಾಯಿ ತಾನೇ ಹೋಗುವ ಹಾಗಿರಲಿಲ್ಲ. ಬುತ್ತಿಯನ್ನು ಹುಮನಾಬಾದ ಬಸ್ಸಿನ ಕಂಡಕ್ಟರ್ ಬಕ್ಕಪ್ಪನ ಕೈಗೆ ಕೊಟ್ಟಳು. ಅದೇ ಹೊತ್ತಿಗೆ ವಹೀದಾಳೂ ಗಂಡನಿಗೆಂದು ಒಂದು ಗಂಟು ತಂದಳು.

“ಕಾಕಾ, ಇದು ಏಕನಾಥರಿಗೆ. ಅವರ ಕೈಯಾಗೇ ಕೊಡು.”

“ಎಲ್ಲಾ ಅಂವನ ಕೈಯಾಗೇ ಕೊಡೂದಲ್ಲೇನು ತಂಗಿ! ನಡೀರಿ, ನಡೀರಿ, ಟೈಮ್ ಆಗ್ಯಾದ!” ಬಕ್ಕಪ್ಪ ಸೀಟಿ ಊದಿದ.

ಆ ದಿನ ಹೇಗೆ ಕಳೆಯಿತೋ! ಕಸ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ‘ಈಗ ಬಿಚ್ಚಿರಬೇಕು… ಈಗ ತಿಂದಿರಬೇಕು… ಗಸಗಸಿ ನೋಡಿ ಆ ಹುಬ್ಬು ಮ್ಯಾಲ ಹೋಗಿರಬೇಕು…’

ಸಂಜೆ ಬಕ್ಕಪ್ಪ ಬಂದ. ಕೈಯಲ್ಲಿ ಅವಳದೇ ಡಬ್ಬಿಗಳು. ಎಲ್ಲವೂ ತುಂಬಿದಂತೆಯೇ ಇದ್ದವು. ಎಲ್ಲದಕ್ಕೂ ಕೆಂಪು ದಾರ.

“ಏಕನಾಥ ಕೊಟ್ಟ. ‘ಇದು ನಡೆಯಂಗಿಲ್ಲ ಅಂತ ಕೇಶರಬಾಯಿಗೆ ಹೇಳು’ ಅಂದ.”

ಕೇಶರಬಾಯಿ ಡಬ್ಬಿಗಳನ್ನು ತೆಗೆದುಕೊಂಡು ಒಳಗೆ ಹೋದಳು. ಅಳಲಿಲ್ಲ. ಒಂದು ಡಬ್ಬಿಯ ಮುಚ್ಚಳದ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಳು. ಮಂದಿಯ ಮುಂದೆ ಕೇಳಿದವನು, ಮಂದಿಯ ಕೈಯಲ್ಲೇ ಉತ್ತರ ಕಳಿಸಿದ. ಅದೂ ಪರರ ಚೀಲಕ್ಕೆ ಹೇಳುವ ಅದೇ ಮಾತಿನಲ್ಲಿ!

“ನಡೆಯಂಗಿಲ್ಲಂತ,” ಅಂದಳು ಅವ್ವನಿಗೆ.

“ಅಂವ ಏನು ರಾಜಾ ಏನು?” ಗಯಾಬಾಯಿ ಸಿಡಿದಳು. “ನನ್ನ ಮಗಳು ಕಟ್ಟಿದ ಬುತ್ತಿಗೆ ದಾರಾ ಸುತ್ತಿ ಕಳಿಸ್ಯಾನ? ಹೋಗ್ಲಿ, ಆ ಒಂಟಿ ನಾಡಿಗೇ ಹೋಗ್ಲಿ!”

ಕರ್ಚಿಕಾಯಿಗಳನ್ನೆಲ್ಲ ಕೇಶರಬಾಯಿ ಹಿತ್ತಲಿನ ಆಡಿಗೆ ಹಾಕಿದಳು. ಮರುದಿನ ಎದ್ದು ಮತ್ತೊಂದು ಬುತ್ತಿ ಕಟ್ಟಿದಳು. ಒಣ ರೊಟ್ಟಿ, ಒಣ ಮಾವು, ಶೇಂಗಾ ಚಟ್ನಿ. ವಿಮಾನಕ್ಕೆ ನಡೆಯದ್ದು ಒಂದೂ ಇಲ್ಲ! ಬಿಳಿ ದಾರವನ್ನೂ ತಾನೇ ಬಿಗಿದಳು. ಎಷ್ಟು ಬಿಗಿದಳೆಂದರೆ ಬೆರಳು ಕೆಂಪಾಯಿತು.

“ಕಾಕಾ, ಅವರಿಗೆ ಹೇಳು. ಇದು ಬ್ಯಾರೆಯವರ ಚೀಲಕ್ಕಲ್ಲ, ಅವರಿಗೇ. ನಾ ಕೊಟ್ಟ ಉತ್ತರಾನೂ ಇದೇ ಅಂತ ಹೇಳು.”

ಈ ಸಲ ಏನೂ ತಿರುಗಿ ಬರಲಿಲ್ಲ. ಬಂದದ್ದು ಸುದ್ದಿ ಮಾತ್ರ. ಏಕನಾಥ ಐತವಾರದ ಬಸ್ಸಿಗೆ ಹೊರಟಿದ್ದಾನೆ.

*

ಐತವಾರ ಬೆಳಿಗ್ಗೆ ವಹೀದಾ ತವರಿನಿಂದ ಬಂದಳು. ಅವಳ ತವರು ನಿರ್ಣಾ; ಅಲ್ಲಿಂದ ಬರುವಾಗ ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕು. ಬುರ್ಖಾ ತೆಗೆಯುವ ಮೊದಲೇ ಗೋಡೆಯ ಮೇಲಿಂದ ಕೂಗಿದಳು.

“ಅರೇ ಕೇಶರ! ನನ್ನ ಗಂಡನ ಮ್ಯಾಲ ಏನು ದುಶ್ಮನಿ ಅದ ನಿಂದು?”

“ಏನಾತು?”

“ಇಷ್ಟೆಲ್ಲಾ ತಿಳಿದಾಕಿ, ನನ್ನ ಗಂಟಿನಾಗ ಗಸಗಸಿ ಕರ್ಚಿಕಾಯಿ ಇಟ್ಟಿದ್ದಿಯಂತ! ತುಪ್ಪಾನೂ ಇತ್ತಂತ! ಏಕನಾಥಭಾಯಿ ಈಗ ಸಿಕ್ಕಿದ್ದ. ‘ನಾ ಇವತ್ತ ಹೊಂಟೀನ್ರಿ. ನಿಮ್ಮ ಯಜಮಾನರ ಗಂಟಿನಾಗ ಇನ್ನ ಅಂಥಾದು ಇಡಬ್ಯಾಡಂತ ನಿಮ್ಮ ಗೆಳತಿಗೆ ಹೇಳ್ರಿ, ನಾ ಇಲ್ಲದಾಗ ನೋಡವರು ಯಾರು’ ಅಂದ. ಮಾರಿ ನೋಡಬೇಕಿತ್ತು ಅಂವಂದು, ಅಲ್ಲಾ ಕಸಂ, ಮದುವಿ ಮುರಿದುಬಿದ್ದಾಂವನಂಗ…”

ಕೇಶರಬಾಯಿಯ ಕೈಯಲ್ಲಿದ್ದ ಮೊರ ನೆಲಕ್ಕೆ ಬಿತ್ತು.

“ನಿನ್ನ ಗಂಟಿನಾಗ? ವಹೀದಾ… ಅದು ನಿನ್ನ ಗಂಟಲ್ಲ! ಬ್ಯಾರೆ ಇತ್ತು!”

ಓಡಿದಳು. ಬಸ್ ನಿಲ್ದಾಣದಲ್ಲಿ ಬಕ್ಕಪ್ಪ ಚಹಾ ಕುಡಿಯುತ್ತಿದ್ದ.

“ಕಾಕಾ! ಅವತ್ತು ಎರಡು ಗಂಟು ಕೊಟ್ಟಿದ್ದೆವು. ಏನು ಮಾಡಿದಿ?”

“ಏನು ಮಾಡ್ಲಿ? ಉರುಳ್ಯಾಡಾಕತ್ತಿದ್ದವು. ಎರಡೂ ಬಿಚ್ಚಿ ಒಂದ ಚಾದರದಾಗ ಹಾಕಿ ಗಚ್ಚನ್ನ ಕಟ್ಟಿದೆ. ‘ಡಬ್ಬಿ ಉರುಳಿಸ್ತಾನ’ ಅಂತ ನೀವೇ ಬೈತೀರಲ್ಲ!”

“ಅಯ್ಯೋ ಕಾಕಾ… ಒಂದು ಅವರಿಗೇ ಇತ್ತೋ! ಉಣ್ಣಾಕ! ಹೆಣ್ಣಿನ ಮನೀ ಬುತ್ತಿ!”

ಬಕ್ಕಪ್ಪನ ಬಸಿ ಓರೆಯಾಗಿ ಚಹಾ ಅಂಗಿಯ ಮೇಲೆ ಚೆಲ್ಲಿತು. ಅವನಿಗೂ ಹೆಣ್ಣುಮಕ್ಕಳಿದ್ದರು. ಬುತ್ತಿ ಅಂದರೆ ಏನೆಂದು ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

“ಹತ್ತು ತಂಗಿ. ಹತ್ತು, ಹತ್ತು!” ಸೀಟಿ ಊದಿದ. “ಡ್ರೈವರ್ ಸಾಹೇಬ್, ಹೊಡೀರಿ! ಇವತ್ತು ದಾರ್‍ಯಾಗ ಯಾರು ಕೈ ಮಾಡಿದ್ರೂ ನಿಲ್ಲಸಬ್ಯಾಡ್ರಿ!”

ಬಂಗಲಾ ಕ್ರಾಸಿನಲ್ಲಿ ಕೈ ಮಾಡಿದವರು ಬೈದರು. ಬಕ್ಕಪ್ಪ ಬಾಗಿಲಲ್ಲಿ ನಿಂತು ಅವರಿಗೆಲ್ಲ ಕೈ ಮುಗಿಯುತ್ತ ಹೋದ. ಕೇಶರಬಾಯಿ ಮುಂದಿನ ಸೀಟಿನ ಕಂಬಿ ಹಿಡಿದು ಕುಳಿತಿದ್ದಳು. ‘ಬಸ್ಸು ಹೋಗಿದ್ರ? ಹೋಗಿದ್ರ ಸೋಲಾಪುರಕ್ಕ ಹೋಗ್ತೀನಿ. ಅಲ್ಲೂ ಸಿಗದಿದ್ರ ಮುಂಬೈಗೆ ಹೋಗ್ತೀನಿ. ವಿಮಾನದ ಬಾಗಲದಾಗ ನಿಂತು ಕೇಳ್ತೀನಿ!’

*

ಮುಂಬೈ ಬಸ್ಸು ಇನ್ನೂ ನಿಂತಿತ್ತು.

ಕಿಟಕಿಯ ಪಕ್ಕದ ಸೀಟಿನ ಮೇಲೆ ಏಕನಾಥನ ಹಸಿರು ಗೆರೆಯ ಟವೆಲು ಬಿದ್ದಿತ್ತು, ಜಾಗ ಹಿಡಿದಾಗಿತ್ತು. ಏಕನಾಥ ಅಂಗಡಿಯಲ್ಲಿ ತನ್ನದೇ ಚೀಲವನ್ನು ತಕ್ಕಡಿಗೆ ತೂಗುಹಾಕಿ ಮುಳ್ಳು ನೋಡುತ್ತಿದ್ದ.

“ಇಳಸ್ರಿ.”

ಅವನು ತಿರುಗಿದ. ಕೂದಲು ಬಿಚ್ಚಿ, ಮುಖವೆಲ್ಲ ಧೂಳಾಗಿ, ಏದುಸಿರು ಬಿಡುತ್ತ ಕೇಶರಬಾಯಿ ನಿಂತಿದ್ದಳು.

“ಏನ್ರಿ?”

“ಚೀಲಾ ಇಳಸ್ರಿ. ಎಲ್ಲಾರ ಚೀಲಾ ನೀವು ನೋಡ್ತೀರಿ. ನಿಮ್ಮ ಚೀಲಾ ಯಾರು ನೋಡವರು? ನಾ ನೋಡ್ತೀನಿ.”

ಅವನು ಇಳಿಸಿದ. ಅವಳು ಗಂಟು ಬಿಚ್ಚಿದಳು. ಎರಡು ಅಂಗಿ, ಒಂದು ಹೊದಿಕೆ, ಅದರೊಳಗೆ ಮಗುವನ್ನು ಸುತ್ತಿದ ಹಾಗೆ ಸುತ್ತಿಟ್ಟ ಅವಳ ಎರಡನೆಯ ಬುತ್ತಿ. ಬಿಳಿ ದಾರ ಹಾಗೇ ಇತ್ತು.

“ತಿಂದಿಲ್ಲ?”

“ಮನಸಾಗ್ಲಿಲ್ಲರಿ. ನೀವು ‘ಹೋಗು’ ಅಂತ ಕಟ್ಟಿಕೊಟ್ಟದ್ದು… ಗಂಟಲದಾಗ ಇಳೀಬೇಕಲ್ಲ.”

“ಹಂಗಾದ್ರ ಹೊ‍ಂಟೀರಿ ಯಾಕ?”

“ನಾ ನಿಮ್ಮನ್ನ ಕೇಳಿದ್ದೆ!” ಏಕನಾಥನ ದನಿ ಮೊದಲ ಸಲ ಏರಿತು. “ನಾಲ್ಕು ಮಂದಿ ಮುಂದ ಕೇಳಿದೆ. ‘ಬ್ಯಾಡ’ ಅಂತೀರೇನೋ ಅಂತ ದಾರಿ ನೋಡಿದೆ. ಬಂತು ಉತ್ತರ. ಬಿಳಿ ದಾರಾ! ನೀವೇ ಕಟ್ಟಿದ್ದು!”

“ಅದಕ್ಕ ಮೊದಲ ಒಂದು ಬಂದಿತ್ತು. ಅದಕ್ಕ ನೀವು ಕೆಂಪು ದಾರಾ ಸುತ್ತಿ ಕಳಿಸಿದ್ರಿ.”

“ಅದು ವಹೀದಾಬಾಯಿ ಯಜಮಾನರಿಗೆ ಹೊಂಟದ್ದಲ್ಲ…”

“ಅಲ್ಲ. ನಿಮಗ.”

ಏಕನಾಥ ಬೆಂಚಿನ ಮೇಲೆ ಕುಳಿತುಬಿಟ್ಟ. ಅವನ ತುಟಿ ಮೆಲ್ಲಗೆ ಅಲ್ಲಾಡಿತು. “ಗಸಗಸಿ… ತುಪ್ಪ… ಎಣ್ಣಿ… ಗಿಟಕ ಕೊಬ್ಬರಿ… ನಾ ಅಂದ್ಕೊಂಡೆ, ಈಕಿಗೆ ಏನಾಗ್ಯಾದ ಇವತ್ತು, ಒಂದೂ ನಡೆಯಂಗಿಲ್ಲಲ್ಲ ಅಂತ…” ಥಟ್ಟನೆ ತಲೆ ಎತ್ತಿದ. “ಒಂದೂ ನಡೆಯಂಗಿಲ್ಲ!”

“ಹೌದ್ರಿ. ಹುಡಿಕಿ ಹುಡಿಕಿ ಅಂಥಾವೇ ಕಟ್ಟಿದ್ದೆ. ಇಲ್ಲೇ ಕುಂತು ತಿನ್ನವರಿಗೆ.”

ಹೋಟೆಲಿನ ಮಂದಿ ಎದ್ದು ಬಂದು ಸುತ್ತ ನಿಂತಿದ್ದರು. ಅವರ ನಡುವೆ ಬಕ್ಕಪ್ಪ ಎರಡೂ ಕಿವಿ ಹಿಡಿದುಕೊಂಡು, “ನಂದೇ ತಪ್ಪೋ ಮಾರಾಯ, ಒಂದ ಚಾದರದಾಗ ಕಟ್ಟಿದೆ,” ಅನ್ನುತ್ತಿದ್ದ. ಅವತ್ತು ನಾಲ್ಕು ಮಂದಿಗೆ ಹೆದರಿದ್ದ ಕೇಶರಬಾಯಿಗೆ ಇವತ್ತು ನಲವತ್ತು ಮಂದಿಯೂ ಕಾಣಲಿಲ್ಲ.

“ಇನ್ನ ಬುತ್ತಿ ಕಟ್ಟಿ ಹೇಳಂಗಿಲ್ಲ. ಬಾಯಿಲೇ ಹೇಳ್ತೀನಿ, ಕೇಳ್ರಿ. ನನಗ ನೀವು ಬೇಕು. ಹೋಗೂದೇ ನಿಮ್ಮ ಆಸೆ ಇದ್ರ ಹೋಗ್ರಿ, ನಾ ಅಡ್ಡ ಬರಂಗಿಲ್ಲ. ನಾ ಕಳಿಸಿದೆ ಅಂತ ಮಾತ್ರ ಹೋಗಬ್ಯಾಡ್ರಿ. ನಾ ಕಳಿಸಿಲ್ಲ.”

ಏಕನಾಥನ ಕಣ್ಣು ತುಂಬಿದವು. “ನನಗ ಎಲ್ಲಿ ಹೋಗೂ ಆಸೆ ಅದರಿ? ಮಂದಿ ಚೀಲಾ ಏರಿಸಿ ಏರಿಸಿ ಸಾಕಾಗಿ ಊರಿಗೆ ಬಂದಾಂವ ನಾ. ಈ ಅಂಗಡ್ಯಾಗ ವಾರಾ ಪೂರ್ತಿ ಬಾಗಲಾ ನೋಡಿಕೋತ ಕುಂಡರ್ತಿದ್ದೆ, ನೀವು ಬರೂ ದಿನಾ ಯಾವಾಗ ಬರ್ತದ ಅಂತ. ನೀವೇ ಬ್ಯಾಡಂದ ಮ್ಯಾಲ ಇಲ್ಲಿ ಕುಂತು ಏನು ಮಾಡೂದು ಅಂತ ಹೊಂಟಿದ್ದೆ.”

ಮುಂಬೈ ಬಸ್ಸಿನ ಹಾರ್ನ್ ಜೋರಾಗಿ ಕೂಗಿತು.

“ಬಸ್ಸು ಹೊಂಟದ,” ಅಂದಳು ಅವಳು ಸಣ್ಣಗೆ.

“ಹೋಗ್ಲಿ.”

ಅವನು ಎದ್ದು ಅವಳ ಹತ್ತಿರ ಬಂದ. “ಕೇಶರ…” ಕೊನೆಗೆ ‘ಬಾಯಿ’ ಎಂಬುದೂ ಇಲ್ಲ, ‘ರೀ’ ಎಂಬುದೂ ಇಲ್ಲ. ಬರಿಯ ಹೆಸರು.

“ಏನ್ರಿ?”

“ಆ ಕರ್ಚಿಕಾಯಿ… ಇನ್ನೂ ಒಂದೆರಡಾರ ಉಳಿದಾವೇನು?”

“ಸಿಟ್ಟಿನಾಗ ಎಲ್ಲಾ ಆಡಿಗೆ ಹಾಕಿದೆ.”

“ಎಲ್ಲಾ?”

“ಒಂದೂ ಬಿಟ್ಟಿಲ್ಲ. ಆಡು ಎರಡು ದಿನಾ ಮಲಗಿದ್ದಲ್ಲೇ ಇತ್ತು.” ಹೇಳುತ್ತಲೇ ಅವಳಿಗೆ ನಗು ಬಂದುಬಿಟ್ಟಿತು. “ನೀವು ಹೇಳಿದ್ದು ಖರೇನೇ ಏನೋ, ಗಸಗಸಿದು.”

ಅವನೂ ನಕ್ಕ. “ಹಂಗಾದ್ರ ನನಗ?”

“ಮತ್ತ ಮಾಡ್ತೀನಿ. ಆದರ ಡಬ್ಬಿಯಾಗ ಹಾಕಿ ಕಳಿಸಂಗಿಲ್ಲ. ನಿಮ್ಮ ಮನಿ ಹಿರೇರನ್ನ ಕರಕೊಂಡು ಬರ್ರಿ. ನಮ್ಮವ್ವನ ಮುಂದ ಕುಂತು ತಿನ್ರಿ.”

“ನಾಳೆ ಬರ್ಲಿ?”

“ನಾಡದ ಬರ್ರಿ. ಅವ್ವನ ಸಿಟ್ಟು ಇಳೀಲಿ.”

ಬಸ್ಸು ಹೊಗೆ ಉಗುಳುತ್ತ ಹೊರಳಿತು. ಅಷ್ಟರಲ್ಲಿ ಕಿಟಕಿಯ ಪಕ್ಕದ ಸೀಟಿಗೆ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಬಂದು ಕುಳಿತಿದ್ದಳು. ಅವಳು ತೊಡೆಯ ಕೆಳಗೆ ಸಿಕ್ಕಿದ್ದ ಹಸಿರು ಗೆರೆಯ ಟವೆಲು ಎಳೆದು, ಯಾರದೆಂದು ಅತ್ತಿತ್ತ ನೋಡಿ, ಕಿಟಕಿಯಿಂದ ಹೊರಗೆ ಎಸೆದಳು. ಅದು ಗಾಳಿಯಲ್ಲಿ ಅಷ್ಟು ದೂರ ತೇಲಿ ರಸ್ತೆಯ ನಡುವೆ ಬಿತ್ತು. ಕೇಶರಬಾಯಿ ಹೋಗಿ ಎತ್ತಿಕೊಂಡಳು. ಎರಡು ಸಲ ಝಾಡಿಸಿ ಧೂಳು ಕೊಡವಿದಳು.